ತೋರಿಸುವವನ ಮಾತು

ಒಂದು ಸ್ಥಳವನ್ನು ನೋಡಲು ಬಂದವರಿಗೆ ಅದನ್ನು ತೋರಿಸಿ ವಿವರಿಸುವುದು ಒಂದು ವಿದ್ಯೆಯೋ, ಅಥವಾ ಬಾಯಿ ಚುರುಕಾಗಿರುವ ಯಾರಾದರೂ ಮಾಡಬಹುದಾದ ಕೆಲಸವೋ? ಪ್ರಶ್ನೆ ಅಲ್ಪವಾದುದೆಂದು ತೋರಬಹುದು. ಕ್ಷೇತ್ರಗಳಲ್ಲಿ ಪಂಡರೂ ಅರ್ಚಕರೂ ಯಾತ್ರಿಕರನ್ನು ಕರೆದೊಯ್ದು, ಇದು ಇಂಥ ತೀರ್ಥ, ಇದು ಇಂಥ ಋಷಿಯ ಆಶ್ರಮ ಎಂದು ಹೇಳುತ್ತ ಬಂದು ಎಷ್ಟೋ ಶತಮಾನಗಳಾದುವು. ಅವರನ್ನು ಯಾರೂ ಪರೀಕ್ಷೆಗೆ ಕೂರಿಸಿದುದಿಲ್ಲ. ಈಗ ಹಾಗಲ್ಲ. ಯೂರೋಪಿನಲ್ಲಿ ಈ ಕೆಲಸಕ್ಕೆ ಪಾಠವುಂಟು, ಪರೀಕ್ಷೆಯುಂಟು, ಉತ್ತೀರ್ಣನಾದವನು ಎದೆಗೆ ಧರಿಸುವ ಬಿಲ್ಲೆಯುಂಟು. ಭಾರತದಲ್ಲಿಯೂ ಪ್ರವಾಸೋದ್ಯಮ ಇಲಾಖೆಗಳು ಮಾರ್ಗದರ್ಶಿಗಳಿಗೆ ತರಬೇತಿಯನ್ನಿತ್ತು ಗುರುತಿನ ಚೀಟಿಯನ್ನು ಕೊಡುವ ಪದ್ಧತಿ ಬಂದಿದೆ. ಹಾಗಾದರೆ ಆ ಶಿಕ್ಷಣದಲ್ಲಿ ಎಲ್ಲಕ್ಕಿಂತ ಮೊದಲು ಕಲಿಸಬೇಕಾದುದು ಯಾವುದು? ಇದು ಉದ್ಯೋಗದ ವಿಚಾರವಾಗಿ ಮೊದಲಾಗಿ ಧರ್ಮದ ವಿಚಾರವಾಗಿ ಮುಗಿಯುವಂಥ ಪ್ರಶ್ನೆ. ಇದನ್ನು ವಿಚಾರಿಸಲು ದೂರಕ್ಕೆ ಹೋಗಬೇಕಾದುದಿಲ್ಲ. ಭೀಮಾತೀರದ ಸನ್ನತಿಯೇ ಸಾಕು.

ಸನ್ನತಿಯು ಬಹುಕಾಲದಿಂದ ಚಂದ್ರಲಾ ಪರಮೇಶ್ವರಿಯ ಕ್ಷೇತ್ರವೆಂದು ಪ್ರಸಿದ್ಧವಾದುದು. ಕರ್ನಾಟಕದಲ್ಲಿಯೂ ಮಹಾರಾಷ್ಟ್ರದಲ್ಲಿಯೂ ತೆಲುಗು ನಾಡಿನಲ್ಲಿಯೂ ಅನೇಕ ಮನೆತನಗಳಿಗೆ ಆಕೆ ಕುಲದೇವತೆ. ನಾಲವಾರದಲ್ಲಿ ರೈಲಿಳಿದು ಬರುವ ಭಕ್ತನಿಗೆ ಊರೆಂದರೆ ದೇವಸ್ಥಾನ, ನದಿ, ಇವೆರಡೇ ಆಗಿದ್ದುವು. ಸುತ್ತಣ ಹೊಲಗಳಲ್ಲಿ ಮಣ್ಣಿನ ದಿಬ್ಬಗಳೂ ಒಡೆದ ಶಿಲ್ಪಗಳೂ ಇದ್ದರೂ ಅವು ಏನೆಂದು ಕೇಳುವವರಿರಲಿಲ್ಲ. ೧೯೫೪ರಲ್ಲಿ ಕಪಟರಾಳ ಕೃಷ್ಣರಾಯರು ಅವುಗಳ ಕಡೆಗೆ ವಿದ್ವಾಂಸರ ಗಮನವನ್ನು ಸೆಳೆದರು. ೧೯೮೬ರಲ್ಲಿ ದೇವಿಯ ಆವರಣದೊಳಗಿನ ಕಾಳಿಯ ಗುಡಿಯ ಚಾವಣಿ ಕುಸಿದುಬಿದ್ದು ಮೂರ್ತಿ ಭಗ್ನವಾಯಿತು. ಆ ಮೂರ್ತಿಗೆ ಪೀಠವಾಗಿದ್ದ ಚಪ್ಪಡಿಯ ಮೇಲೆ ಅಶೋಕನ ಧರ್ಮಲಿಪಿಗಳಿರುವುದು ಆಗ ಬೆಳಕಿಗೆ ಬಂದಿತು. ಮುಂದೆ ೧೯೯೪ರಿಂದ ೨೦೦೧ರವರೆಗೆ ಭಾರತೀಯ ಪುರಾತತ್ತ್ವ ಇಲಾಖೆಯವರು ನೆರೆಯ ಕನಗನಹಳ್ಳಿಯ ದಿಬ್ಬವನ್ನು ಅಗೆದಾಗ, ಶಾಸನಗಳು ‘ಅಧೋಲೋಕ ಮಹಾಚೈತ್ಯ’ವೆಂದು ಕರೆಯುವ ದೊಡ್ಡ ಸ್ತೂಪವೊಂದರ ಅವಶೇಷಗಳು ದೊರೆತುವು. ಅದರ ಶಿಲಾಫಲಕಗಳು ಈ ಸೀಮೆಯ ಸುಣ್ಣಶಿಲೆಯವು. ಶಹಾಬಾದು, ವಾಡಿ, ಚಿತ್ತಾಪುರಗಳ ಮನೆಗಳಲ್ಲಿ ನೆಲಕ್ಕೆ ಹಾಸಿರುವ ಫರಸಿಗಲ್ಲಿನ ಬಳಗಕ್ಕೇ ಸೇರಿದುವು. ಮನೆಯ ಹೆಂಗಸರು ದಿನವೂ ಸಾರಿಸಿ ರಂಗವಲ್ಲಿಯಿಡುವ ಕಲ್ಲಿಗೆ ಈ ವಂಶಗೌರವವಿದೆಯೆಂದು ಯಾರು ತಿಳಿದಿದ್ದರು!

ಆ ಫಲಕಗಳಲ್ಲೊಂದು ಎಲ್ಲರ ಕಣ್ಣನ್ನೂ ಸೆಳೆಯುವುದು. ರಾಜನೊಬ್ಬನು ರಾಣಿಯೊಡನೆ ನಿಂತಿದ್ದಾನೆ; ಛತ್ರಚಾಮರಗಳನ್ನು ಹಿಡಿದ ಪರಿಚಾರಿಕೆಯರು ಸುತ್ತಲಿದ್ದಾರೆ; ಬ್ರಾಹ್ಮೀಲಿಪಿಯಲ್ಲಿ ‘ರಾಯಾ ಅಸೋಕೋ’ ಎಂದು ಹೆಸರು ಕೆತ್ತಿದೆ. ಇಷ್ಟು ಪ್ರಾಚೀನವಾದ, ಹೆಸರನ್ನು ಕೆತ್ತಿದ ಅಶೋಕನ ಪ್ರತಿಮೆ ಕನಗನಹಳ್ಳಿಯ ಹೊರಗೆ ದೊರೆತುದು ತಿಳಿದಿಲ್ಲ. ರಾಯಚೂರು ಸೀಮೆಯ ಮಸ್ಕಿಯಲ್ಲಿ ೧೯೧೫ರಲ್ಲಿ ದೊರೆತ ಶಾಸನದಿಂದ ‘ದೇವಾನಾಂಪ್ರಿಯ’ನೆಂದರೆ ಅಶೋಕನೇ ಎಂಬುದು ಸ್ಥಿರಪಟ್ಟಿತು, ಸನ್ನತಿಯಲ್ಲಿ ಆ ಹೆಸರಿಗೆ ಒಂದು ರೂಪವೂ ಸೇರಿತು. ಇಂಥ ಕಲ್ಲಿನ ಮುಂದೆ ನಿಂತವನಿಗೆ ಮೈ ಜುಮ್ಮೆನ್ನುವುದು ಸಹಜವೇ.

ಈಗ ಈ ಊರಿನವನೇ ಆದ ಒಬ್ಬ ಯುವಕನು ಬಂದವರಿಗೆ ಸ್ಥಳವನ್ನು ತೋರಿಸುವ ಕೆಲಸಕ್ಕೆ ನಿಂತನೆಂದು ಭಾವಿಸಬಹುದು. ಜನ ಅವನನ್ನು ಗೈಡು ಎನ್ನುತ್ತಾರೆ. ಅವನು ಬುದ್ಧಿವಂತ; ನಾಲ್ಕು ಪುಸ್ತಕಗಳನ್ನು ಓದಿದ್ದಾನೆ. ಫಲಕದ ಮುಂದೆ ನಿಂತ ಪ್ರವಾಸಿಯು, “ಅಶೋಕ ಹೀಗೇ ಇದ್ದನೇನಪ್ಪ?” ಎಂದು ಕೇಳುತ್ತಾನೆ. ಅವನ ಧ್ವನಿಯಲ್ಲಿ ಪ್ರಶ್ನೆಗಿಂತ ಆಸೆಯೇ ಹೆಚ್ಚು. ಹೌದೆಂದರೆ ಅವನು ಸಂತೋಷದಿಂದ ಹಿಂದಿರುಗುವನು, ಮನೆಯವರಿಗೆಲ್ಲ ಹೇಳುವನು, ನಾಲ್ಕು ಕಾಸು ಹೆಚ್ಚಾಗಿಯೂ ಕೊಡುವನು. ನಿಜವಾದರೂ ಬೇರೆ. ಅಶೋಕನು ಕ್ರಿಸ್ತಪೂರ್ವ ಮೂರನೆಯ ಶತಮಾನದವನು. ಫಲಕವನ್ನು ಕಡೆದವನು ಸಾತವಾಹನರ ಕಾಲದವನು. ನಡುವೆ ತಲೆಮಾರುಗಳೇ ಉರುಳಿ ಹೋಗಿದ್ದುವು. ಶಿಲ್ಪಿಯು ರಾಜನನ್ನು ಕಂಡವನಲ್ಲ. ತನ್ನ ಕಾಲದ ರಾಜರು ಉಡುವಂತೆ ಉಡಿಸಿ, ತೊಡುವಂತೆ ತೊಡಿಸಿ, ಕೆಳಗೆ ಹೆಸರಿಟ್ಟನು. ಅದು ಅಶೋಕನ ಮುಖವಲ್ಲ. ಅಶೋಕನ ನೆನಪಿನ ಮುಖ. ಇದನ್ನು ಹೇಳಿದರೆ ಪ್ರವಾಸಿಯ ಮುಖ ಸ್ವಲ್ಪ ಬಾಡಬಹುದು. ಹೇಳಬೇಕೋ, ಬೇಡವೋ? ಅಶೋಕನು ತನ್ನ ಕಡೆಯ ದಿನಗಳನ್ನು ಸನ್ನತಿಯಲ್ಲಿಯೇ ಕಳೆದನೆಂಬ ಮಾತೂ ಕೆಲವರ ಬಾಯಲ್ಲಿ ಉಂಟು. ಅದಕ್ಕೆ ಆಧಾರವಾದ ಶಾಸನವೊಂದೂ ಇಲ್ಲ. ಅದನ್ನು ಹೇಳಬೇಕೋ, ಬೇಡವೋ? ತೋರಿಸುವವನ ವಿದ್ಯೆಯ ಗಂಟೆಲ್ಲ ಇಲ್ಲಿದೆ.

ಯೂರೋಪಿನವರು ಈ ವಿದ್ಯೆಗೆ ಹಾಕಿಕೊಂಡಿರುವ ಕಟ್ಟುಪಾಡು ಮೆಚ್ಚತಕ್ಕುದು. ಅಲ್ಲಿಯ ರಾಷ್ಟ್ರಗಳ ಮಾನಕಸಮಿತಿಯು ೨೦೦೮ರಲ್ಲಿ ಪ್ರಕಟಿಸಿದ ಇ.ಎನ್. ೧೫೫೬೫ ಎಂಬ ನಿಯಮಾವಳಿಯ ಪ್ರಕಾರ ಮಾರ್ಗದರ್ಶಿಯಾಗುವವನಿಗೆ ಕನಿಷ್ಠಪಕ್ಷ ೬೦೦ ಪಾಠಾವಧಿಗಳ ಶಿಕ್ಷಣ ಬೇಕು. ಅದರಲ್ಲಿ ನೂರಕ್ಕೆ ನಲವತ್ತು ಪಾಲು ಪುಸ್ತಕವನ್ನು ಬಿಟ್ಟು ಪ್ರತ್ಯಕ್ಷ ಅಭ್ಯಾಸದಲ್ಲಿ ಕಳೆಯಬೇಕು. ಲಂಡನ್ನಿನಲ್ಲಿ ‘ನೀಲಿ ಬಿಲ್ಲೆ’ಯನ್ನು ಪಡೆಯಬೇಕೆಂಬವನು ಬರವಣಿಗೆಯ ಪರೀಕ್ಷೆಯಲ್ಲದೆ, ಇಗರ್ಜಿಯೊಳಗೂ ವಸ್ತುಸಂಗ್ರಹಾಲಯದೊಳಗೂ ಓಡುವ ಬಸ್ಸಿನೊಳಗೂ ಪರೀಕ್ಷಕರ ಎದುರಿಗೆ ನಿಂತು ವಿವರಿಸಿ ತೋರಿಸಬೇಕು. ಬಸ್ಸು ಮುಂದಕ್ಕೆ ಓಡುತ್ತಿರುವಾಗ ಎಡಗಡೆಯ ಕಟ್ಟಡ ಕಣ್ಮರೆಯಾಗುವುದಕ್ಕೆ ಮೊದಲೇ ಅದರ ವಿಷಯ ಹೇಳಿ ಮುಗಿಸಬೇಕಾದವನ ಕಷ್ಟವನ್ನು ಊಹಿಸಿಕೊಳ್ಳಬಹುದು. ಎಷ್ಟು ಗಟ್ಟಿಯಾಗಿ ಮಾತನಾಡಬೇಕು, ಗುಂಪನ್ನು ಎಲ್ಲಿ ನಿಲ್ಲಿಸಬೇಕು, ಬಿಸಿಲು ಯಾರ ಕಣ್ಣಿಗೆ ಹೊಡೆಯುತ್ತದೆ, ಇವೆಲ್ಲ ಅಲ್ಲಿ ಪಾಠದ ವಿಷಯಗಳೇ. ಸನ್ನತಿಯ ಬೇಸಿಗೆಯಲ್ಲಿ ಈ ಕೊನೆಯ ಪಾಠವೊಂದು ಬಂದರೂ ದೊಡ್ಡ ಉಪಕಾರ.

ಆದರೂ ಯೂರೋಪಿನ ನೆಲದಲ್ಲಿಯೇ ಈ ಕಷ್ಟ ಎಷ್ಟು ಹಳೆಯದೆಂಬುದಕ್ಕೆ ಸಾಕ್ಷಿಗಳುಂಟು. ಕ್ರಿಸ್ತಶಕ ಎರಡನೆಯ ಶತಮಾನದಲ್ಲಿ, ಎಂದರೆ ದಕ್ಷಿಣಾಪಥದಲ್ಲಿ ಸಾತವಾಹನರು ಆಳುತ್ತಿದ್ದ ದಿನಗಳಲ್ಲಿ, ಪೌಸಾನಿಯಸ್ ಎಂಬವನು ಗ್ರೀಸನ್ನು ಸುತ್ತಿ ಒಂದು ಗ್ರಂಥವನ್ನು ಬರೆದನು. ಆರ್ಗಾಸ್ ನಗರದ ಮಾರ್ಗದರ್ಶಿಗಳಿಗೆ ತಾವು ಹೇಳುವುದೆಲ್ಲ ನಿಜವಲ್ಲವೆಂಬುದು ಗೊತ್ತಿದ್ದರೂ, ಬಹುಜನರ ನಂಬಿಕೆಯನ್ನು ತಿರುಗಿಸುವುದು ಸುಲಭವಲ್ಲವಾದುದರಿಂದ ಅದನ್ನೇ ಹೇಳುತ್ತಿರುತ್ತಾರೆಂದು ಅವನು ಅಲ್ಲಿ ತಿಳಿಸಿದ್ದಾನೆ. ಇಂದಿನ ಉದಾಹರಣೆ ಬೇಕಾದರೆ ಇಟಲಿಯ ವೆರೋನಾ ನಗರವುಂಟು. ಷೇಕ್ಸ್‌ಪಿಯರನ ಜೂಲಿಯೆಟ್ಟಳ ಮನೆಯೆಂದು ಅಲ್ಲೊಂದು ಮನೆಯನ್ನು ತೋರಿಸುತ್ತಾರೆ. ಆಕೆ ನಿಂತು ಮಾತನಾಡಿದ ಮೊಗಸಾಲೆಯನ್ನು ನೋಡಲು ದೇಶದೇಶಗಳಿಂದ ಪ್ರೇಮಿಗಳು ಬರುತ್ತಾರೆ. ಮನೆ ಹಳೆಯದೇ, ಆದರೆ ಆ ಮೊಗಸಾಲೆಯನ್ನು ಅದಕ್ಕೆ ಜೋಡಿಸಿದುದು ೧೯೩೦ರ ದಶಕದ ಜೀರ್ಣೋದ್ಧಾರದಲ್ಲಿ. ನಾಯಿಕೆಯಂತೂ ನಾಟಕದವಳು. ಅಲ್ಲಿಯ ಮಾರ್ಗದರ್ಶಿಯು ೬೦೦ ಪಾಠಗಳನ್ನು ಮುಗಿಸಿ ಬಂದಿದ್ದರೂ, ದೂರದಿಂದ ಬಂದ ಹೊಸ ದಂಪತಿಗಳ ಮುಂದೆ ಬಾಯಿ ತೆರೆಯುವಾಗ ಪೌಸಾನಿಯಸ್ಸನು ಕಂಡ ಆರ್ಗಾಸಿನವನ ಸ್ಥಿತಿಯಲ್ಲಿಯೇ ಇರುತ್ತಾನೆ. ನಿಯಮಾವಳಿಯು ಅವನಿಗೆ ತಿಳಿವಳಿಕೆಯನ್ನು ಕೊಟ್ಟಿತು, ಕಂಠವನ್ನು ಕೊಟ್ಟಿತು. ಆ ಗಳಿಗೆಗೆ ಬೇಕಾದುದು ಬೇರೊಂದು.

ಆ ಬೇರೊಂದನ್ನು ಕುರಿತು ಈ ದೇಶದ ನೈಯಾಯಿಕರು ಯೋಚಿಸಿದ್ದಾರೆ. ಸನ್ನತಿಗೆ ದೂರವಲ್ಲದ ನಾಗಾವಿಯಲ್ಲಿ ಹನ್ನೊಂದನೆಯ ಶತಮಾನದಲ್ಲಿ ಘಟಿಕಾಸ್ಥಾನವೊಂದಿದ್ದಿತು. ಅಲ್ಲಿ ವೇದಗಳೊಡನೆ ಮೀಮಾಂಸೆಯನ್ನೂ ನ್ಯಾಯವನ್ನೂ ಕಲಿಸುವ ಉಪಾಧ್ಯಾಯರಿದ್ದರು, ಗ್ರಂಥಗಳನ್ನು ಕಾಯುವ ಸರಸ್ವತೀಭಾಂಡಾರಿಗರಿದ್ದರು. ಪರರ ಮಾತಿನಿಂದ ಹುಟ್ಟುವ ಜ್ಞಾನವು ಯಾವಾಗ ಪ್ರಮಾಣ ಎಂಬ ಪ್ರಶ್ನೆಯನ್ನು ಅಂಥ ಪಾಠಶಾಲೆಗಳ ಹುಡುಗರು ಬಾಯಿಪಾಠವಾಗಿ ಬಲ್ಲವರು. ಆಪ್ತನ ಮಾತು ಪ್ರಮಾಣವೆಂಬುದು ಗೌತಮನ ಸಿದ್ಧಾಂತ. ಆಪ್ತನೆಂದರೆ ಯಾರು? ವಾತ್ಸ್ಯಾಯನನು ಭಾಷ್ಯದಲ್ಲಿ ಮೂರು ಗುಣಗಳನ್ನು ಎಣಿಸುತ್ತಾನೆ: ವಸ್ತುವನ್ನು ತಾನೇ ಸಾಕ್ಷಾತ್ತಾಗಿ ಕಂಡಿರುವುದು, ಕೇಳುವ ಜೀವಿಗಳಲ್ಲಿ ದಯೆ, ಇದ್ದುದನ್ನು ಇದ್ದಂತೆಯೇ ತಿಳಿಸಬೇಕೆಂಬ ಇಚ್ಛೆ. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದೂ ಅವನು ಸ್ಪಷ್ಟವಾಗಿ ಹೇಳುತ್ತಾನೆ. ಜಾತಿಕುಲಗಳನ್ನು ನೋಡಿ ಮಾತಿಗೆ ಬೆಲೆಕಟ್ಟುವುದಿಲ್ಲವೆಂಬ ಆ ಧೈರ್ಯ ಮೆಚ್ಚತಕ್ಕುದು. ೧೮೩೭ರಲ್ಲಿ ಜೇಮ್ಸ್ ಪ್ರಿನ್ಸೆಪ್ಪನು ಬ್ರಾಹ್ಮಿಯನ್ನು ಓದದೆ ಇದ್ದಿದ್ದರೆ, ೨೦೧೪ರಲ್ಲಿ ಜಪಾನಿನ ನಕನಿಷಿಯೂ ಜರ್ಮನಿಯ ಫಾನ್ ಹಿನ್ಯೂಬರನೂ ಕನಗನಹಳ್ಳಿಯ ಶಾಸನಗಳನ್ನು ಒಟ್ಟುಗೂಡಿಸಿ ಅಚ್ಚು ಹಾಕಿಸದೆ ಇದ್ದಿದ್ದರೆ, ಸನ್ನತಿಯ ಮಾರ್ಗದರ್ಶಿಗೆ ಹೇಳಲು ಎಷ್ಟು ಉಳಿಯುತ್ತಿತ್ತು? ಭಾಷ್ಯಕಾರನ ಮೂರನೆಯ ವರ್ಗದ ಆಪ್ತರಿಗೆ ಈ ಊರು ಬಹಳ ಋಣಿ.

ಆದರೆ ಮಾರ್ಗದರ್ಶಿಯು ಅಶೋಕನನ್ನು ಕಂಡವನಲ್ಲ. ಹಾಗಾದರೆ ಅವನು ಆಪ್ತನಾಗುವುದೆಂತು? ಅವನು ಕಂಡಿರುವುದು ಕಲ್ಲನ್ನು. ಅದರ ಮೇಲಿನ ಅಕ್ಷರಗಳನ್ನು. ಅವುಗಳನ್ನು ಓದಿದವರು ಇಂತಿಂಥದೆಂದು ಬರೆದಿರುವುದನ್ನು. ಈ ಮೂರರಲ್ಲಿ ಒಂದೊಂದನ್ನೂ ಅದದರ ಹೆಸರಿನಿಂದಲೇ ಹೇಳಿದರೆ ಅವನು ಆಪ್ತನು. ಕಲ್ಲನ್ನು ತೋರಿಸುತ್ತ, ತಾನು ಕಂಡುದು ಅರಸನನ್ನೆಂಬ ಧ್ವನಿಯಲ್ಲಿ ಮಾತನಾಡಿದ ಕೂಡಲೇ ಆ ಪದವಿಯಿಂದ ಜಾರಿದನು. ಪುರಾತನರೂ ಈ ಭೇದವನ್ನು ಬಲ್ಲರು. ಅಶೋಕಾವದಾನದ ಕಥೆಯಲ್ಲಿ ರಾಜನೇ ಯಾತ್ರಿಕನು. ಸ್ಥವಿರ ಉಪಗುಪ್ತನು ಅವನ ಮಾರ್ಗದರ್ಶಿ. ಲುಂಬಿನೀವನದಲ್ಲಿ ಉಪಗುಪ್ತನು ಕೈಯೆತ್ತಿ, ಭಗವಂತನು ಜನಿಸಿದ ಸ್ಥಳ ಇದೆಂದು ತೋರಿಸುತ್ತಾನೆ. ಅಷ್ಟಕ್ಕೆ ಬಿಡುವುದಿಲ್ಲ. ಆ ಜನನವನ್ನು ಕಣ್ಣಾರೆ ಕಂಡ ವೃಕ್ಷದೇವತೆಯನ್ನು ಕರೆದು ಅವಳ ಬಾಯಿಂದಲೇ ರಾಜನಿಗೆ ಹೇಳಿಸುತ್ತಾನೆ. ಕಥೆಯು ಅವದಾನದ್ದೇ ಇರಲಿ. ಅದನ್ನು ಕಟ್ಟಿದವನಿಗೆ ತೋರಿಸುವವನು ಬೇರೆ, ಕಂಡವನು ಬೇರೆ ಎಂಬ ವಿವೇಕವಿದ್ದಿತು. ಆ ಸ್ಥಳದಲ್ಲಿ ನಿಂತಿರುವ ಕಂಬದ ಮೇಲೆ ರಾಜನು ತಾನೇ ಬಂದು ಪೂಜಿಸಿದುದನ್ನು ಕೆತ್ತಿಸಿದ್ದಾನೆ. ಅದು ಮಾತ್ರ ಕಲ್ಲಿನ ಮಾತು.

ಭಾಷೆಯೇ ಈ ಭೇದವನ್ನು ಕಾಪಾಡುವಂತೆ ರೂಪುಗೊಂಡಿರುವುದೂ ವಿಚಾರಯೋಗ್ಯ. ಹೇಳುವವನು ತಾನು ಕಾಣದ ಹಳೆಯ ಸಂಗತಿಯನ್ನು ಹೇಳುವಾಗ ಕ್ರಿಯಾಪದಕ್ಕೆ ಬೇರೆಯೇ ರೂಪವಿರಬೇಕೆಂದು ಪಾಣಿನಿಯು ವಿಧಿಸಿದ್ದಾನೆ. ಪರೋಕ್ಷಭೂತವೆಂದು ಅದರ ಹೆಸರು. ಕನ್ನಡದಲ್ಲಿ ಅದೇ ಕಾರ್ಯವನ್ನು ಒಂದು ಚಿಕ್ಕ ‘ಅಂತೆ’ ಮಾಡುತ್ತದೆ. ಸನ್ನತಿಯ ಅಜ್ಜಿ ಮೊಮ್ಮಕ್ಕಳಿಗೆ ದೇವಿಯ ಮಹಿಮೆಯನ್ನು ಹೇಳುವಾಗ, ನಾರಾಯಣಮುನಿಯ ಮೊರೆಯನ್ನು ಕೇಳಿ ಹಿಂಗುಲಾಂಬಿಕೆ ಬಂದಳಂತೆ, ಸೇತುರಾಜನ ದಂಡಿನ ಮೇಲೆ ದುಂಬಿಗಳು ಎರಗಿದವಂತೆ ಎನ್ನುವಳು. ಆ ‘ಅಂತೆ’ಯಲ್ಲಿ ಅವಿಶ್ವಾಸದ ಲೇಶವೂ ಇಲ್ಲ. ಆಕೆ ನಂಬಿಯೇ ಹೇಳುವಳು. ಆದರೆ ತಾನು ಕಂಡೆನೆಂದು ಹೇಳುವುದಿಲ್ಲ. ಶ್ರದ್ಧೆ, ಪ್ರಾಮಾಣಿಕತೆ ಎರಡೂ ಒಂದೇ ಪ್ರತ್ಯಯದಲ್ಲಿ ಒಟ್ಟಿಗೆ ಬಾಳುತ್ತವೆ. ಜರ್ಮನ್ ಭಾಷೆಯಲ್ಲಿಯೂ ಇನ್ನೊಬ್ಬರ ಮಾತನ್ನು ಹೇಳುವಾಗ ಕ್ರಿಯಾಪದ ರೂಪವನ್ನು ಬದಲಿಸುತ್ತದೆ. ಅಪಾಯವಿರುವುದು ಎಲ್ಲೆಂದರೆ, ಅಜ್ಜಿಯ ಕಥೆಯನ್ನು ಮೊಮ್ಮಗನು ಹೊರಗಿನವರಿಗಾಗಿ ಇಂಗ್ಲಿಷಿಗೋ ಹಿಂದಿಗೋ ತಿರುಗಿಸಿ ಉರುಹೊಡೆಯುವಾಗ. ಹತ್ತು ಪುಟಗಳ ಪಾಠ ಸರಿಯಾಗಿಯೇ ಬಂದಿರುತ್ತದೆ; ‘ಅಂತೆ’ ಮಾತ್ರ ದಾರಿಯಲ್ಲಿ ಬಿದ್ದುಹೋಗಿರುತ್ತದೆ. ಮನೆಯಲ್ಲಿ ‘ಬಂದಳಂತೆ’ ಎಂದಿದ್ದುದು ಬಯಲಿನಲ್ಲಿ ‘ಬಂದಳು’ ಎಂದಾಗುತ್ತದೆ. ‘ಅಶೋಕ ಇಲ್ಲೇ ತೀರಿಕೊಂಡನಂತೆ’ ಎಂಬ ಊರಮಾತು ಪರಭಾಷೆಯಲ್ಲಿ ಚರಿತ್ರೆಯಾಗಿ ಕುಳಿತುಬಿಡುತ್ತದೆ. ಭಾಷಾಶಿಕ್ಷಣವೆಂದು ಮಾರ್ಗದರ್ಶಿಗಳಿಗೆ ಕೊಡುವ ಪಾಠದಲ್ಲಿ ಉಚ್ಚಾರಣೆಗೆ ಕೊಡುವ ಗಮನದ ಅರ್ಧವನ್ನಾದರೂ ಇದಕ್ಕೆ ಕೊಡಬೇಕು.

ಅರ್ಚಕರ ಸ್ಥಲಪುರಾಣವನ್ನು ಹಳಿಯುವುದು ಈ ವಿಚಾರದ ಉದ್ದೇಶವಲ್ಲ. ಗರ್ಭಗುಡಿಯ ಮುಂದೆ ನಿಂತವನು ಪುರಾಣವನ್ನು ಪುರಾಣವೆಂದೇ ಕೇಳುತ್ತಾನೆ, ಅಲ್ಲಿ ವಂಚನೆಯಿಲ್ಲ. ಪುರಾಣವು ಇತಿಹಾಸದ ಅಂಗಿಯನ್ನು ತೊಟ್ಟು, ತಾರೀಖುಗಳನ್ನು ಹಿಡಿದುಕೊಂಡು ಬಂದಾಗ ಮಾತ್ರ ಕೇಳುವವನು ಮೋಸಹೋಗುತ್ತಾನೆ. ಸುಳ್ಳು ಇತಿಹಾಸಕ್ಕೆ ವಿದ್ಯಾವಂತರೇ ಹೆಚ್ಚಾಗಿ ಬಲಿಯಾಗುವುದು ಇದರಿಂದಲೇ. ಪುರಾಣವೆಂದರೆ ಅವರು ಎಚ್ಚರವಾಗಿರುತ್ತಾರೆ, ಇಸವಿಯನ್ನು ಹೇಳಿದರೆ ಎಚ್ಚರ ತಪ್ಪುತ್ತಾರೆ.

ಇನ್ನು ೧೯೮೬ರಲ್ಲಿ ಬೆಳಕಿಗೆ ಬಂದ ಚಪ್ಪಡಿಯ ವಿಷಯ. ಸನ್ನತಿಯ ಮಾರ್ಗದರ್ಶಿಗೆ ಪಾಠಪುಸ್ತಕವನ್ನು ಬೇರೆಲ್ಲಿಯೂ ಹುಡುಕಬೇಕಾಗಿಲ್ಲವೆಂಬುದನ್ನು ಈ ಕಲ್ಲು ತೋರಿಸುತ್ತದೆ. ಅದರ ಒಂದು ಮುಖದಲ್ಲಿ ಅಶೋಕನ ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಶಿಲಾಲಿಪಿಗಳಿವೆ; ಇನ್ನೊಂದು ಮುಖದಲ್ಲಿ, ಇದಕ್ಕೆ ಮುಂಚೆ ಒರಿಸ್ಸಾದ ಧೌಲಿ, ಜೌಗಡಗಳಲ್ಲಿ ಮಾತ್ರ ದೊರೆತಿದ್ದ ಎರಡು ಪ್ರತ್ಯೇಕ ಲಿಪಿಗಳಿವೆ. ಕಳಿಂಗಯುದ್ಧದ ಪಶ್ಚಾತ್ತಾಪವನ್ನು ಹೇಳುವ ಹದಿಮೂರನೆಯದು ಈ ಕಲ್ಲಿನ ಮೇಲಿಲ್ಲ. ಅಶೋಕನೆಂದ ಕೂಡಲೇ ಕಳಿಂಗದ ರಕ್ತಪಾತ ನೆನಪಿಗೆ ಬರುವ ಪ್ರವಾಸಿಯು ಇಲ್ಲಿಯೂ ಅದೇ ಕಥೆಯನ್ನು ಕೇಳಬಯಸುತ್ತಾನೆ. ಹೇಳುವುದರಲ್ಲಿ ತಪ್ಪಿಲ್ಲ, ಅದು ಈ ಕಲ್ಲಿನದಲ್ಲವೆಂಬುದನ್ನು ಸೇರಿಸಿದರೆ.

ಹನ್ನೆರಡನೆಯ ಲಿಪಿಯ ಸಾರ ವಾಗ್‌ಗುಪ್ತಿ, ಎಂದರೆ ನಾಲಗೆಯ ಸಂಯಮ. ತನ್ನ ಮತವನ್ನು ಅಪ್ರಸ್ತುತವಾಗಿ ಹೊಗಳಬಾರದು, ಪರಮತವನ್ನು ಅಕಾರಣವಾಗಿ ತೆಗಳಬಾರದು. ಕಾರಣವಿದ್ದಾಗಲೂ ಮಾತು ಹಗುರವಾಗಿರಬೇಕು. ಒಬ್ಬರ ಧರ್ಮವನ್ನು ಮತ್ತೊಬ್ಬರು ಕೇಳಬೇಕು. ತನ್ನ ಮತದ ಮೇಲಿನ ಭಕ್ತಿಯಿಂದ ಪರಮತವನ್ನು ನಿಂದಿಸುವವನು ತನ್ನ ಮತಕ್ಕೇ ಹಾನಿಮಾಡುತ್ತಾನೆ ಎಂಬುದು ಅದರ ಅಭಿಪ್ರಾಯ. ಈ ಮಾತುಗಳನ್ನು ಹೊತ್ತ ಕಲ್ಲು ದೇವಿಗೆ ಪೀಠವಾಗಿದ್ದುದು ಎಂಥ ಸಂಯೋಗ! ಆದರೆ ಇಲ್ಲಿಯೇ ಮಾರ್ಗದರ್ಶಿಗೆ ಅತ್ಯಂತ ಕಠಿನವಾದ ಪರೀಕ್ಷೆಯೂ ಇದೆ. ಅವನ ಮುಂದೆ ಒಂದೇ ದಿನ ಇಬ್ಬರು ನಿಲ್ಲಬಹುದು. ಒಬ್ಬನು ಬುದ್ಧನನ್ನು ಶರಣುಹೊಕ್ಕ ಮನೆತನದವನು. ಈ ಜಿಲ್ಲೆಯಲ್ಲಿ ಅಂಥವರು ಅನೇಕರಿದ್ದಾರೆ, ಅವರ ಪಾಲಿಗೆ ಸನ್ನತಿ ಕಳೆದುಹೋಗಿ ಮತ್ತೆ ಸಿಕ್ಕಿದ ತಾಯಿಯ ಮನೆ. ಇನ್ನೊಬ್ಬನು ದೇವಿಯ ಒಕ್ಕಲು; ಮಗುವಿನ ಜವುಳ ತೆಗೆಸಲು ಬಂದವನು. “ಧರ್ಮಲಿಪಿಯ ಮೇಲೆ ವಿಗ್ರಹ ಕೂರಿಸಿದವರು ಯಾರು?” ಎಂದು ಮೊದಲನೆಯವನು ಕೇಳುವನು. “ಅಮ್ಮನ ಪೀಠವನ್ನು ಯಾಕೆ ಕಿತ್ತಿಟ್ಟರು?” ಎಂದು ಎರಡನೆಯವನು ಕೇಳುವನು. ಇಬ್ಬರ ಮಾತಿನಲ್ಲಿಯೂ ನೋವಿದೆ. ಮೊದಲನೆಯವನ ಮುಂದೆ ಅನ್ಯಾಯವೆಂದು ಮೂಗೆಳೆದು, ಎರಡನೆಯವನ ಮುಂದೆ ದೈವಲೀಲೆಯೆಂದು ತಲೆದೂಗಿ, ಇಬ್ಬರಿಂದಲೂ ಮೆಚ್ಚಿಗೆ ಪಡೆಯುವುದು ಸುಲಭ. ಆರ್ಗಾಸಿನ ವಿದ್ಯೆಗೆ ಅದು ಸಾಕು.

ಗೊತ್ತಿರುವುದೇನು? ಪೀಠ ಮಾಡಿದವರ ಹೆಸರು ಗೊತ್ತಿಲ್ಲ. ಅವರಿಗೆ ಆ ಅಕ್ಷರಗಳನ್ನು ಓದಲು ಬರುತ್ತಿತ್ತೆನ್ನಲು ಆಧಾರವಿಲ್ಲ. ಬ್ರಾಹ್ಮಿಯು ಜನರಿಗೆ ಮರೆತುಹೋಗಿ ಬಹುಕಾಲವಾಗಿತ್ತು. ದ್ವೇಷದಿಂದ ಮಾಡಿದರೆನ್ನಲೂ ಆಗದು, ಗೌರವದಿಂದ ಮಾಡಿದರೆನ್ನಲೂ ಆಗದು. ಹಳೆಯ ಕಲ್ಲನ್ನು ಹೊಸ ಕಟ್ಟಡಕ್ಕೆ ಬಳಸುವುದು ಎಲ್ಲ ಮತದವರೂ ಎಲ್ಲ ಕಾಲದಲ್ಲಿಯೂ ಮಾಡಿಕೊಂಡು ಬಂದುದು. ಪೀಠವಾದುದರಿಂದ ಕಲ್ಲಿಗೆ ಗಾಯವಾಯಿತೆಂಬುದು ನಿಜ. ಗುಡಿಯೊಳಗೆ ಮರೆಯಾಗಿದ್ದುದರಿಂದ ಮಳೆಬಿಸಿಲುಗಳಿಂದ ಅದು ಪಾರಾಯಿತೆಂಬುದೂ ನಿಜ. ಇಷ್ಟನ್ನು ಇಬ್ಬರಿಗೂ ಒಂದೇ ಮಾತಿನಲ್ಲಿ, ಒಂದೇ ಧ್ವನಿಯಲ್ಲಿ ಹೇಳಬಲ್ಲವನು ಯಾರೋ ಅವನಿಗೆ ವಾಗ್‌ಗುಪ್ತಿ ಸಿದ್ಧಿಸಿತು. ಕೇಳಿದ ಇಬ್ಬರೂ ಪೂರ್ಣ ತೃಪ್ತರಾಗಲಿಕ್ಕಿಲ್ಲ. ಆದರೂ ಆಚೆಗೆ ಹೋಗಿ ಮರದ ನೆರಳಿನಲ್ಲಿ ಅವರಿಬ್ಬರೂ ಒಟ್ಟಿಗೆ ಕುಳಿತಾಗ, ಮಾರ್ಗದರ್ಶಿಯು ನಿನಗೇನು ಹೇಳಿದನೆಂದು ಪರಸ್ಪರ ಕೇಳಿಕೊಂಡರೆ ಉತ್ತರ ಒಂದೇ ಆಗಿರುತ್ತದೆ.

ಹದಿನಾಲ್ಕನೆಯ ಲಿಪಿಯು ಇನ್ನೂ ವಿಸ್ಮಯಕರವಾದುದು. ಈ ಧರ್ಮಲಿಪಿಗಳು ಕೆಲವೆಡೆ ಸಂಕ್ಷೇಪವಾಗಿ, ಕೆಲವೆಡೆ ಮಧ್ಯಮವಾಗಿ, ಕೆಲವೆಡೆ ವಿಸ್ತಾರವಾಗಿ ಇವೆಯೆಂದೂ, ಅರ್ಥದ ಸವಿಗಾಗಿ ಕೆಲವನ್ನು ಮತ್ತೆ ಮತ್ತೆ ಹೇಳಿದೆಯೆಂದೂ, ಸ್ಥಳದ ಕಾರಣದಿಂದಲೋ ಲಿಪಿಕಾರನ ದೋಷದಿಂದಲೋ ಅಪೂರ್ಣವಾಗಿ ಬರೆದುದೂ ಇರಬಹುದೆಂದೂ ಚಕ್ರವರ್ತಿಯು ಅದರಲ್ಲಿ ತಿಳಿಸಿದ್ದಾನೆ. ಜಗತ್ತಿನಲ್ಲಿ ರಾಜಶಾಸನಗಳಿಗೆ ಬರಗಾಲವಿಲ್ಲ. ಸೂರ್ಯಚಂದ್ರರಿರುವವರೆಗೆ ತನ್ನ ಮಾತು ನಿಲ್ಲಬೇಕೆನ್ನುವವು, ಅಳುಪಿದವನಿಗೆ ಪಾಪವನ್ನು ಹೇಳುವವು, ಬಿರುದುಗಳಿಂದ ಮೊದಲಾಗಿ ಬಿರುದುಗಳಲ್ಲಿ ಮುಗಿಯುವವು ಈ ಸೀಮೆಯಲ್ಲಿಯೇ ರಾಶಿರಾಶಿಯಾಗಿವೆ. ಆದರೆ ತನ್ನ ಬರಹದಲ್ಲಿ ತಪ್ಪಿರಬಹುದೆಂದು ಕಲ್ಲಿನಲ್ಲಿಯೇ ಕೆತ್ತಿಸಿದ ಚಕ್ರವರ್ತಿಗಳು ಎಷ್ಟು ಮಂದಿ? ಅಷ್ಟು ದೊಡ್ಡವನು ಒಪ್ಪಿಕೊಂಡುದನ್ನು ದಿನಗೂಲಿಯ ಮಾರ್ಗದರ್ಶಿಯು ಒಪ್ಪಿಕೊಳ್ಳಲು ನಾಚಬೇಕಾದುದೇನು? “ಇದು ತಿಳಿದಿಲ್ಲ” ಎಂಬ ಮಾತನ್ನು ತೊದಲದೆ, ತಲೆತಗ್ಗಿಸದೆ, ಕ್ಷಮೆ ಬೇಡದೆ ಹೇಳುವ ಅಭ್ಯಾಸವೇ ಅವನ ಶಿಕ್ಷಣದ ಮೊದಲ ಪಾಠವಾಗಬೇಕು. ೬೦೦ ಅವಧಿಗಳಲ್ಲಿ ೬೦ನ್ನು ಇದಕ್ಕೆ ಕೊಟ್ಟರೂ ಹೆಚ್ಚಲ್ಲ.

ಇದಕ್ಕೆ ಆಕ್ಷೇಪವುಂಟು. ಪ್ರವಾಸಿಯು ಸಂತೋಷಕ್ಕಾಗಿ ಬಂದವನು, ಪರೀಕ್ಷೆಗೆ ಓದಲು ಬಂದವನಲ್ಲ. ಹೆಜ್ಜೆಹೆಜ್ಜೆಗೂ ಗೊತ್ತಿಲ್ಲ ಗೊತ್ತಿಲ್ಲ ಎನ್ನುವವನನ್ನು ಯಾರು ಕರೆದಾರು? ಅವನ ಹೊಟ್ಟೆಪಾಡೇನು? ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಸತ್ಯವನ್ನು ಪ್ರಿಯವಾಗಿ ನುಡಿಯಬೇಕೆಂದು ಧರ್ಮಶಾಸ್ತ್ರವೂ ವಿಧಿಸಿದೆ; ಭಾಷ್ಯಕಾರನೂ ಆಪ್ತನಿಗೆ ದಯೆ ಬೇಕೆಂದನು. ಬಿಸಿಲಲ್ಲಿ ಬಳಲಿ ಬಂದವನಿಗೆ ಕಾಲನಿರ್ಣಯದ ವಿವಾದಗಳನ್ನು ಒಪ್ಪಿಸುವುದು ನಿರ್ದಯೆ. ಆದರೆ ಸನ್ನತಿಯಲ್ಲಿ ನಿಜವೇ ಸಾಕಷ್ಟು ಪ್ರಿಯವಾಗಿದೆ. ಕನಗನಹಳ್ಳಿಯ ಶಿಲ್ಪಿಗಳು ಅನೇಕ ಫಲಕಗಳ ಮೇಲೆ ತಾವು ಕೆತ್ತಿದುದೇನೆಂಬುದನ್ನು ತಾವೇ ಬರೆದುಹೋಗಿದ್ದಾರೆ. ಸಾತಕರ್ಣಿರಾಜನು ಮಹಾಚೈತ್ಯಕ್ಕೆ ಬೆಳ್ಳಿಯ ತಾವರೆಗಳನ್ನು ಅರ್ಪಿಸುವುದು ಒಂದರಲ್ಲಿ. ಪುಳುಮಾವಿಯು ಉಜ್ಜಯಿನಿಯನ್ನು ಕೊಡುವುದು ಇನ್ನೊಂದರಲ್ಲಿ. ಪುರಾಣಗಳ ರಾಜವಂಶಾವಳಿಯಲ್ಲಿ ಬರಿಯ ಹೆಸರಾಗಿದ್ದವರು ಇಲ್ಲಿ ಕೈಕಾಲು ಪಡೆದು ನಿಂತಿದ್ದಾರೆ. ಮುಂದೆ ಸುಳ್ಳಾಡುವವರು ಬಂದಾರೆಂದು ಶಂಕಿಸಿಯೇ ಶಿಲ್ಪಿಗಳು ಹೆಸರುಗಳನ್ನು ಕೆತ್ತಿದರೋ ಎನಿಸುತ್ತದೆ! ಇಂಥ ಆಪ್ತವಾಕ್ಯವು ಕೈಯಲ್ಲಿರುವಾಗ ಕಲ್ಪನೆಯನ್ನು ಸಾಲ ತರಬೇಕಾದ ಬಡತನ ಸನ್ನತಿಗಿಲ್ಲ. “ಇದು ಅಶೋಕನ ಮುಖ” ಎನ್ನುವುದಕ್ಕಿಂತ, “ಸತ್ತು ಎಷ್ಟೋ ತಲೆಮಾರುಗಳಾದ ಮೇಲೂ ತನ್ನ ರಾಜಧಾನಿಯಿಂದ ಇಷ್ಟು ದೂರದ ಭೀಮಾತೀರದಲ್ಲಿ ಒಬ್ಬ ಕಲ್ಲುಕುಟಿಗನು ಹೆಸರು ಹಿಡಿದು ನೆನೆದ ರಾಜ ಇವನು” ಎನ್ನುವುದು ಯಾವ ರೀತಿಯಲ್ಲಿ ಕಡಿಮೆ ರಸವತ್ತು?

ಹೊಟ್ಟೆಪಾಡಿನ ಮಾತು ಮಾತ್ರ ಉಳಿಯುತ್ತದೆ. ಅದರಲ್ಲಿ ತಪ್ಪು ಕೇಳುವವರದೇ ಹೆಚ್ಚು. ದೊಡ್ಡ ಮಾತಾಡಿದವನಿಗೆ ದೊಡ್ಡ ನೋಟನ್ನೂ, ಅಳೆದು ಆಡಿದವನಿಗೆ ಚಿಲ್ಲರೆಯನ್ನೂ ಕೊಡುವ ಸುಶಿಕ್ಷಿತ ಕುಟುಂಬಗಳು ಆಮೇಲೆ ಮನೆಗೆ ಬಂದು ಗೈಡುಗಳೆಲ್ಲ ಸುಳ್ಳುಗಾರರೆಂದು ಆಡಿಕೊಳ್ಳುವುದು ನ್ಯಾಯವಲ್ಲ. ದಣಿವಿನ ಮಾತೂ ಇದೆ. ನ್ಯಾಯ ನೋಡುವ ಅಧಿಕಾರಿಗಳು ಯಾವ ದೋಷಗಳಿಂದ ಕೆಡುತ್ತಾರೆಂದು ಅಶೋಕನು ಪ್ರತ್ಯೇಕ ಲಿಪಿಯಲ್ಲಿ ಎಣಿಸಿದ್ದಾನೆ. ಧೌಲಿಯಲ್ಲಿ ಅದು ಚೆನ್ನಾಗಿ ಓದಲು ಸಿಗುತ್ತದೆ. ಅಸೂಯೆ, ಸಿಡುಕು, ನಿಷ್ಠುರತೆ, ಅವಸರ, ಅಭ್ಯಾಸವಿಲ್ಲದಿರುವುದು, ಆಲಸ್ಯ, ಕೊನೆಗೆ ದಣಿವು. ದಣಿವನ್ನೂ ಆ ಪಟ್ಟಿಯಲ್ಲಿ ಸೇರಿಸಿದವನು ಮನುಷ್ಯರನ್ನು ಬಲ್ಲವನು. ಬೆಳಗಿನ ಮೊದಲ ಗುಂಪಿಗೆ ‘ಅಂತೆ’ಯನ್ನು ಜೋಪಾನವಾಗಿ ಸೇರಿಸಿ ಹೇಳಿದ ಹುಡುಗನೇ ಸಂಜೆಯ ಐದನೆಯ ಗುಂಪಿಗೆ ಅದನ್ನು ನುಂಗಿಬಿಡುವನು. ಬೇಕೆಂದು ಆಡಿದ ಸುಳ್ಳಿಗಿಂತ ಬಳಲಿ ಆಡಿದ ಸುಳ್ಳೇ ಲೋಕದಲ್ಲಿ ಹೆಚ್ಚು. ಒಬ್ಬನಿಗೆ ದಿನಕ್ಕೆ ಇಷ್ಟೇ ಗುಂಪು ಎಂದು ಮಿತಿಯನ್ನಿಡುವುದು ಕೂಲಿಯ ಪ್ರಶ್ನೆ ಮಾತ್ರವಲ್ಲ, ಸತ್ಯದ ಪ್ರಶ್ನೆಯೂ ಹೌದು.

ಧರ್ಮಲಿಪಿಯ ಚಪ್ಪಡಿಯ ನಡುವೆ ಚೌಕವಾದ ಒಂದು ತೂತು ಇದೆ. ಮೂರ್ತಿಯನ್ನು ನೆಲೆಗೊಳಿಸಲು ಕೊರೆದುದು; ಅಲ್ಲಿದ್ದ ಅಕ್ಷರಗಳು ಎರಡು ಮುಖಗಳಲ್ಲಿಯೂ ಹೋಗಿವೆ. ಮಕ್ಕಳು ಮೊದಲು ಬೆರಳು ತೋರಿಸುವುದು ಅದರ ಕಡೆಗೇ, ಅಲ್ಲಿ ಏನು ಬರೆದಿತ್ತು ಎಂದು. ಹನ್ನೆರಡನೆಯ ಲಿಪಿಯ ಮಾತುಗಳನ್ನು ಗಿರ್ನಾರ, ಕಾಲ್ಸಿಗಳ ಬಂಡೆಗಳಿಂದಲೂ, ಹಿಂದಿನ ಮುಖದ ಮಾತುಗಳನ್ನು ಧೌಲಿ, ಜೌಗಡಗಳಿಂದಲೂ ತಂದು ವಿದ್ವಾಂಸರು ಆ ತೂತನ್ನು ಕಾಗದದ ಮೇಲೆ ತುಂಬುತ್ತಾರೆ. ಸನ್ನತಿಯ ಲಿಪಿಕಾರನು ಇಲ್ಲಿ ಅಕ್ಷರಶಃ ಅದನ್ನೇ ಕೆತ್ತಿದ್ದನೋ, ಒಂದೆರಡು ಮಾತು ಹೆಚ್ಚುಕಡಮೆ ಮಾಡಿದ್ದನೋ? ಮಾರ್ಗದರ್ಶಿಯು ಮಗುವಿನ ಎತ್ತರಕ್ಕೆ ಬಗ್ಗಿ, ಬೇರೆ ಊರಿನ ಕಲ್ಲುಗಳಲ್ಲಿ ಹೀಗಿದೆ, ಮರಿ, ಇಲ್ಲಿಯದು ಮಾತ್ರ ಹೋಗಿದೆ ಎಂದು ಹೇಳಿ, ಆ ತೂತನ್ನು ಅದು ಕಣ್ತುಂಬ ನೋಡುವವರೆಗೆ ಸುಮ್ಮನೆ ನಿಂತಿರಬೇಕು.